ಎಂಟು ವಿದ್ಯಾರ್ಥಿಗಳು, ಒಂದು ಸೆನೆಟ್: ಬರ್ಕ್ಲಿ, 1964

1964ರ ಸೆಪ್ಟೆಂಬರ್ 30, ಬುಧವಾರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಸೇದರ್ ಗೇಟ್ ಹತ್ತಿರ ಕೆಲವು ವಿದ್ಯಾರ್ಥಿಗಳು ಮಡಚುವ ಮೇಜು ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಕರಪತ್ರ, ಪಕ್ಕದಲ್ಲಿ ದೇಣಿಗೆಯ ಡಬ್ಬಿ. ಕರಿಯರ ನಾಗರಿಕ ಹಕ್ಕುಗಳ ಹೋರಾಟಕ್ಕೆ ಹಣ ಮತ್ತು ಜನ ಸೇರಿಸುವುದು ಅವರ ಉದ್ದೇಶ. ಡೀನ್ ಕಚೇರಿಯವರು ಬಂದು ಐದು ಜನರ ಹೆಸರು ಬರೆದುಕೊಂಡರು. ಮಧ್ಯಾಹ್ನ ಮೂರಕ್ಕೆ ಬಂದು ಕಾಣಿ ಎಂದರು.

ಮೂರು ಗಂಟೆಗೆ ಬಂದವರು ಐದು ಜನ ಅಲ್ಲ, ನಾನೂರಕ್ಕೂ ಜಾಸ್ತಿ. ಅವರ ಕೈಯಲ್ಲಿ ಸಹಿ ಹಾಕಿದ ಹೇಳಿಕೆಗಳಿದ್ದವು. ನಾವೂ ಆ ಮೇಜಿನ ಹಿಂದೆ ಕೂತವರೇ, ಅವರಿಗೆ ಏನು ಕ್ರಮವೋ ನಮಗೂ ಅದೇ ಆಗಲಿ ಎಂಬುದು ಆ ಮನವಿಯ ಸಾರ. ಡೀನ್ ಕಚೇರಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಸರು ಬರೆದುಕೊಂಡ ಐದು ಜನ, ಜೊತೆಗೆ ಪ್ರತಿಭಟನೆಯ ಮುಂದೆ ನಿಂತ ಮೂವರು, ಇಷ್ಟೇ ಜನರನ್ನು ನೋಡುತ್ತೇವೆ ಎಂದರು. ರಾತ್ರಿ 11.45ಕ್ಕೆ ಪತ್ರಿಕಾ ಹೇಳಿಕೆ ಹೊರಬಿತ್ತು. ಎಂಟೂ ಜನ ಅನಿರ್ದಿಷ್ಟ ಅವಧಿಗೆ ಅಮಾನತು.

ಆ ಎಂಟು ಜನರ ಪ್ರಕರಣ ಬರ್ಕ್ಲಿಯ ಅಧ್ಯಾಪಕರ ಸೆನೆಟ್‌ಗೆ ಹೇಗೆ ಬಂತು, ಸೆನೆಟ್ ಅದನ್ನು ಹೇಗೆ ನಡೆಸಿತು, ಎಲ್ಲಿ ಎಡವಿತು, 69 ದಿನಗಳ ನಂತರ ಡಿಸೆಂಬರ್ 8ರಂದು ಏನು ತೀರ್ಮಾನ ಮಾಡಿತು ಅನ್ನುವುದೇ ಈ ಬರಹ. ‘ಫ್ರೀ ಸ್ಪೀಚ್ ಮೂವ್‌ಮೆಂಟ್’ ಎಂದು ಹೆಸರಾದ ಆ ಚಳವಳಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪೊಲೀಸ್ ಕಾರು, ಭಾಷಣ, ಬಂಧನಗಳ ಕಥೆ ಹೇಳುತ್ತಾರೆ. ನನ್ನ ಕಣ್ಣು ಹೋಗುವುದು ಸಮಿತಿಗಳ ಕಡೆಗೆ. ಒಂದು ಮನವಿ ಯಾರ ಮೇಜಿಗೆ ಹೋಯಿತು, ಅದರ ಮೇಲಿನ ವರದಿ ಯಾರ ಹೆಸರಿಗೆ ಬರೆದದ್ದು ಎಂಬುದರ ಮೇಲೆ ಇಡೀ ವಿಶ್ವವಿದ್ಯಾಲಯದ ಗತಿ ನಿಂತಿತ್ತು.

ಈ ಕುತೂಹಲಕ್ಕೆ ನನ್ನದೇ ಒಂದು ಕಾರಣವೂ ಇದೆ. ವಿದ್ಯಾರ್ಥಿಯಾಗಿದ್ದಾಗ ಮರುಮೌಲ್ಯಮಾಪನದ ವಿಷಯದಲ್ಲಿ ನಾವೊಂದಷ್ಟು ಜನ ಸಹಿ ಹಾಕಿ ಮನವಿ ಕೊಟ್ಟಿದ್ದೆವು. ಟಪಾಲು ವಿಭಾಗದ ಗುಮಾಸ್ತರು ನಮ್ಮ ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ನೀಲಿ ಸೀಲು ಒತ್ತಿ, ತಾರೀಕು ಬರೆದು, ವಾಪಸ್ ಕೊಟ್ಟರು. ಆಮೇಲೆ ಏನೂ ಆಗಲಿಲ್ಲ. ಬೇಡ ಎಂದಾದರೂ ಹೇಳಿದ್ದರೆ ಸಮಾಧಾನ ಆಗುತ್ತಿತ್ತು. ಆ ಸೀಲು ಬಿದ್ದ ಕಾಗದ ಇನ್ನೂ ನನ್ನ ಹಳೆಯ ಫೈಲಿನಲ್ಲಿದೆ.

26 ಅಡಿ ಇಟ್ಟಿಗೆ ಹಾಸು

ಜಗಳ ಶುರುವಾದದ್ದು ಒಂದು ತುಂಡು ನೆಲದಿಂದ. ಟೆಲಿಗ್ರಾಫ್ ಅವೆನ್ಯೂ ಬಂದು ಬ್ಯಾಂಕ್ರಾಫ್ಟ್ ರಸ್ತೆಗೆ ಸೇರುವಲ್ಲಿ, ಕ್ಯಾಂಪಸ್‌ನ ದಕ್ಷಿಣದ ಬಾಗಿಲಲ್ಲಿ, 26 ಅಡಿ ಅಗಲದ ಇಟ್ಟಿಗೆ ಹಾಸಿನ ಪಟ್ಟಿಯೊಂದಿತ್ತು. ಅದು ನಗರಸಭೆಯ ಜಾಗ ಎಂದೇ ಎಲ್ಲರೂ ನಂಬಿದ್ದರು. ಕ್ಯಾಂಪಸ್ ಒಳಗೆ ರಾಜಕೀಯಕ್ಕೆ ಹಣ ಎತ್ತುವುದು, ಸದಸ್ಯರನ್ನು ಸೇರಿಸುವುದು ನಿಷಿದ್ಧ. ಹಾಗಾಗಿ ವಿದ್ಯಾರ್ಥಿ ಸಂಘಗಳು ಆ ಪಟ್ಟಿಯಲ್ಲೇ ಮೇಜು ಹಾಕುತ್ತಿದ್ದವು. ಆಮೇಲೆ ನೋಡಿದರೆ ಅದರ ಹೆಚ್ಚಿನ ಭಾಗ ವಿಶ್ವವಿದ್ಯಾಲಯದ್ದೇ ಆಗಿತ್ತು. ಸೆಪ್ಟೆಂಬರ್ 14ರಂದು ಡೀನ್ ಕ್ಯಾಥರೀನ್ ಟೌಲ್ ಅವರ ಪತ್ರ ಬಂತು: ಇನ್ನು ಅಲ್ಲೂ ಮೇಜು ಹಾಕುವಂತಿಲ್ಲ.

ಕಾಲ ಎಂಥದ್ದು ಎಂಬುದನ್ನು ನೆನಪಿಡಬೇಕು. ಅದೇ ಬೇಸಿಗೆಯಲ್ಲಿ ಹಲವು ವಿದ್ಯಾರ್ಥಿಗಳು ಮಿಸಿಸಿಪಿಗೆ ಹೋಗಿ, ಕರಿಯರಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ನೆರವಾಗಿ, ಪ್ರಾಣಭಯ ಕಂಡು ವಾಪಸ್ ಬಂದಿದ್ದರು. ತತ್ವಶಾಸ್ತ್ರದ ವಿದ್ಯಾರ್ಥಿ ಮಾರಿಯೊ ಸಾವಿಯೊ ಅವರಲ್ಲೊಬ್ಬ. ಅಲ್ಲಿ ಅಷ್ಟು ಕಂಡು ಬಂದವರಿಗೆ ಇಲ್ಲಿ ಒಂದು ಮೇಜು ಹಾಕಬೇಡಿ ಎಂದರೆ ಹೇಗಾಗಿರಬೇಡ! ಎಡಪಂಥದವರಿಂದ ಹಿಡಿದು ಆ ವರ್ಷದ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಗೋಲ್ಡ್‌ವಾಟರ್ ಪರ ಕೆಲಸ ಮಾಡುತ್ತಿದ್ದ ಬಲಪಂಥದವರವರೆಗೆ ಎಲ್ಲ ಸಂಘಗಳೂ ಒಂದಾಗಿ ವಿರೋಧಿಸಿದವು.

ಯಾರ ಕೈಯಲ್ಲಿ ಏನಿತ್ತು

ನಮ್ಮ ಓದುಗರಿಗೆ ಅಲ್ಲಿಯ ಏರ್ಪಾಡು ಸ್ವಲ್ಪ ಬಿಡಿಸಿ ಹೇಳಬೇಕು. ಹೆಸರುಗಳೇ ಗೊಂದಲ ಮಾಡುತ್ತವೆ. ನಮ್ಮಲ್ಲಿ ಚಾನ್ಸಲರ್ ಎಂದರೆ ರಾಜ್ಯಪಾಲರು. ಅಲ್ಲಿ ಚಾನ್ಸಲರ್ ಎಂದರೆ ಒಂದು ಕ್ಯಾಂಪಸ್‌ನ ಮುಖ್ಯಸ್ಥರು, ಹೆಚ್ಚುಕಡಿಮೆ ನಮ್ಮ ಕುಲಪತಿಯಂತೆ. ಆಗ ಬರ್ಕ್ಲಿಯ ಚಾನ್ಸಲರ್ ಎಡ್ವರ್ಡ್ ಸ್ಟ್ರಾಂಗ್. ಎಲ್ಲ ಕ್ಯಾಂಪಸ್‌ಗಳಿಗೂ ಮೇಲೆ ಅಧ್ಯಕ್ಷರಾಗಿದ್ದವರು ಕ್ಲಾರ್ಕ್ ಕರ್. ಅವರೆಲ್ಲರ ಮೇಲೆ ರೀಜೆಂಟ್ಸ್ ಮಂಡಳಿ. ವಿಶ್ವವಿದ್ಯಾಲಯ ನಡೆಸುವ ಅಧಿಕಾರ ಈ ಮಂಡಳಿಗೆ ರಾಜ್ಯದ ಸಂವಿಧಾನದಿಂದಲೇ ಬಂದದ್ದು. ನಮ್ಮ ಸಿಂಡಿಕೇಟ್‌ಗಿಂತ ಅದರ ಕೈ ತುಂಬ ಉದ್ದ.

ಸೆನೆಟ್ ಎಂದರೆ ಅಧ್ಯಾಪಕರ ಸಭೆ. ಪಠ್ಯ, ಪ್ರವೇಶ, ಪದವಿಗಳ ವಿಷಯದಲ್ಲಿ ಅದರ ಮಾತಿಗೆ ಬೆಲೆ ಇತ್ತು. 1919–20ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕರು ಪಟ್ಟು ಹಿಡಿದು, ತಮ್ಮ ಸಮಿತಿಗಳನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನೂ ಪಡೆದಿದ್ದರು. ಆದರೆ ವಿದ್ಯಾರ್ಥಿಗಳ ಶಿಸ್ತು ಸೆನೆಟ್ ಕೈಯಲ್ಲಿರಲಿಲ್ಲ. ಅದು ಚಾನ್ಸಲರ್ ಕೆಲಸ.

ಸೆನೆಟ್‌ಗೆ ಒಂದು ಹಳೆಯ ಗಾಯವೂ ಇತ್ತು. 1949ರಲ್ಲಿ ರೀಜೆಂಟ್ಸ್, ನಾನು ಕಮ್ಯುನಿಸ್ಟ್ ಅಲ್ಲ ಎಂದು ಪ್ರತಿ ಅಧ್ಯಾಪಕರೂ ಪ್ರಮಾಣ ಮಾಡಬೇಕು ಎಂದರು. ಸೆನೆಟ್ ತಿಂಗಳುಗಟ್ಟಲೆ ಚರ್ಚೆ ಮಾಡಿತು, ರಾಜಿಗೆ ಓಡಾಡಿತು, ಒಡೆಯಿತು. 1950ರ ಆಗಸ್ಟ್‌ನಲ್ಲಿ ಸಹಿ ಹಾಕದ 31 ಜನರ ಕೆಲಸ ಹೋಯಿತು. 1952ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಮೊಕದ್ದಮೆ ಹೂಡಿದವರ ಪರ ತೀರ್ಪು ಕೊಟ್ಟಿತು. ಆದರೆ ಸಹೋದ್ಯೋಗಿಗಳು ಹೊರಗೆ ಹೋಗುವಾಗ ಸೆನೆಟ್ ಅವರ ಜೊತೆ ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದು ಹಿರಿಯ ಅಧ್ಯಾಪಕರಿಗೆ 1964ರಲ್ಲೂ ಮರೆತಿರಲಿಲ್ಲ.

ಇಲ್ಲದ ಸಮಿತಿಗೆ ಒಪ್ಪಿಸಿದ ಪ್ರಕರಣ

ಅಮಾನತಾದ ಮರುದಿನ, ಅಕ್ಟೋಬರ್ 1. ಆಡಳಿತ ಕಚೇರಿಯಿದ್ದ ಸ್ಪ್ರೌಲ್ ಹಾಲ್ ಎದುರು ಮೇಜು ಹಾಕಿದ್ದ ಜ್ಯಾಕ್ ವೈನ್‌ಬರ್ಗ್‌ನನ್ನು ಪೊಲೀಸರು ಹಿಡಿದು ಕಾರಿಗೆ ಹಾಕಿದರು. ಸುತ್ತ ಇದ್ದ ವಿದ್ಯಾರ್ಥಿಗಳು ಕಾರಿನ ಹಿಂದೆ ಮುಂದೆ ಕೂತುಬಿಟ್ಟರು. ಕಾರು 32 ಗಂಟೆ ಅಲ್ಲೇ ನಿಂತಿತು, ವೈನ್‌ಬರ್ಗ್ ಒಳಗೇ ಇದ್ದ. ಭಾಷಣ ಮಾಡುವವರು ಒಬ್ಬೊಬ್ಬರಾಗಿ ಕಾರಿನ ಮೇಲೆ ಹತ್ತಿದರು. ಸಾವಿಯೊ ಹತ್ತುವ ಮೊದಲು, ತಗಡು ಜಜ್ಜಿ ಹೋಗದಿರಲಿ ಎಂದು ಶೂ ಬಿಚ್ಚಿಟ್ಟ.

ಅಕ್ಟೋಬರ್ 2ರ ಸಂಜೆ ಕರ್ ಮತ್ತು ವಿದ್ಯಾರ್ಥಿ ಮುಖಂಡರ ನಡುವೆ ಒಪ್ಪಂದ ಆಯಿತು. ಅದರ ಒಂದು ಅಂಶ ನಮಗೆ ಮುಖ್ಯ: ಅಮಾನತಾದ ವಿದ್ಯಾರ್ಥಿಗಳ ಪ್ರಕರಣವನ್ನು ಒಂದು ವಾರದೊಳಗೆ ‘ಅಕಾಡೆಮಿಕ್ ಸೆನೆಟ್‌ನ ವಿದ್ಯಾರ್ಥಿ ನಡವಳಿಕೆ ಸಮಿತಿ’ಗೆ ಒಪ್ಪಿಸಬೇಕು.

ಅಂಥ ಸಮಿತಿಯೇ ಇರಲಿಲ್ಲ. ವಿದ್ಯಾರ್ಥಿಗಳ ನಡವಳಿಕೆ ನೋಡಲು ಅಧ್ಯಾಪಕರ ಸಮಿತಿಯೇನೋ ಒಂದಿತ್ತು, ಆದರೆ ಅದನ್ನು ನೇಮಿಸುವವರು ಚಾನ್ಸಲರ್. ಒಪ್ಪಂದ ಬರೆಯುವಾಗ ಈ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚಾನ್ಸಲರ್ ಪ್ರಕರಣವನ್ನು ತಮ್ಮ ಸಮಿತಿಗೇ ಕಳಿಸಿದರು. ವಿದ್ಯಾರ್ಥಿಗಳು ಒಪ್ಪಲಿಲ್ಲ. ಅಮಾನತು ಮಾಡಿದವರೇ ನೇಮಿಸಿದ ಸಮಿತಿ ಅದರ ಸರಿತಪ್ಪು ನೋಡುವುದು ಹೇಗೆ ಎಂದು ಕೇಳಿದರು. ನನಗೆ ಇದು ಮೊಂಡುತನ ಅನ್ನಿಸುವುದಿಲ್ಲ. ಎರಡೂ ಸಮಿತಿಯಲ್ಲಿ ಕೂರುವವರು ಪ್ರಾಧ್ಯಾಪಕರೇ ಇರಬಹುದು, ಅದೇ ಮುಖಗಳೇ ಇರಬಹುದು. ಆದರೆ ಒಂದು ಸಮಿತಿ ಎದ್ದು ಹೋಗಿ ಉತ್ತರ ಕೊಡುವುದು ಚಾನ್ಸಲರ್‌ಗೆ, ಇನ್ನೊಂದು ಉತ್ತರ ಕೊಡುವುದು ತುಂಬಿದ ಸಭೆಗೆ. ವಿಚಾರಣೆಯ ಮುಂದೆ ನಿಂತವನಿಗೆ ಈ ಅಂತರ ಸಣ್ಣದಲ್ಲ, ಅಲ್ವಾ?

ಎರಡು ವಾರ ಹೀಗೇ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಅಕ್ಟೋಬರ್ 15ರಂದು ಸೆನೆಟ್ ಮುಂದೆ ಬಂದು, ಈ ಒಂದು ಪ್ರಕರಣಕ್ಕೆಂದೇ ಐದು ಜನರ ತಾತ್ಕಾಲಿಕ ಸಮಿತಿ ಮಾಡಲು ಒಪ್ಪಿತು. ಅಧ್ಯಕ್ಷರು ಕಾನೂನು ಪ್ರಾಧ್ಯಾಪಕ ಐರಾ ಮೈಕೆಲ್ ಹೇಮನ್.

ಹೇಮನ್ ಸಮಿತಿ

ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಇದು. ಇಲ್ಲಿ ಘೋಷಣೆ ಇಲ್ಲ, ಜನಜಂಗುಳಿ ಇಲ್ಲ. ಒಂದು ಮೇಜಿನ ಸುತ್ತ ಐದು ಜನ ಕೂತು, ಎರಡೂ ಕಡೆಯವರ ಮಾತು ಕೇಳಿ, ಏನಾಯಿತು ಎಂದು ಒಂದೊಂದೇ ಎಳೆ ಬಿಡಿಸಿದರು.

ಸಮಿತಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಬಹಳ ಸರಳ. ನಾವು ತೀರ್ಮಾನಕ್ಕೆ ಬರುವ ತನಕ ಈ ಎಂಟು ಜನರನ್ನು ತಾತ್ಕಾಲಿಕವಾಗಿ ವಾಪಸ್ ತೆಗೆದುಕೊಳ್ಳಿ, ಅವರು ತರಗತಿಗೆ ಹೋಗಲಿ ಎಂದು ಚಾನ್ಸಲರ್ ಅವರನ್ನು ಕೇಳಿತು. ಚಾನ್ಸಲರ್ ಆಗುವುದಿಲ್ಲ ಎಂದರು. ಇದರ ಅರ್ಥ ಏನು ನೋಡಿ. ವಿಚಾರಣೆ ಎಷ್ಟು ದಿನ ನಡೆಯುತ್ತದೋ ಅಷ್ಟು ದಿನವೂ ಶಿಕ್ಷೆಯೇ. ನಿರ್ದೋಷಿ ಎಂದು ಹೊರಬಂದರೂ ಸೆಮಿಸ್ಟರಿನ ಪಾಠ ಹೋಗಿರುತ್ತದೆ.

ನವೆಂಬರ್ 12ಕ್ಕೆ ವರದಿ ಸಿದ್ಧವಾಯಿತು. ವಿದ್ಯಾರ್ಥಿಗಳು ತಪ್ಪೇ ಮಾಡಿಲ್ಲ ಎಂದು ಸಮಿತಿ ಹೇಳಲಿಲ್ಲ. ನಿಯಮ ಮುರಿದಿದ್ದಾರೆ, ನಿಜ. ಆದರೆ ವಿಶ್ವವಿದ್ಯಾಲಯ ಶಿಕ್ಷಿಸಿದ ಕ್ರಮ ಗಂಭೀರ ಟೀಕೆಗೆ ಅರ್ಹ ಎಂದು ಬರೆದು, ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟಿತು. ಮುರಿದರು ಎನ್ನುವ ನಿಯಮಗಳೇ ಅಸ್ಪಷ್ಟ. ಸಂಜೆ ಊಟದ ಹೊತ್ತಿಗೂ ರಾತ್ರಿ 11.45ರ ಪತ್ರಿಕಾ ಹೇಳಿಕೆಗೂ ನಡುವೆ ಎಲ್ಲೋ ಅವಸರದಲ್ಲಿ ಅಮಾನತು ತೀರ್ಮಾನವಾಗಿದೆ. ಇಂಥ ಪ್ರಕರಣಗಳಿಗೆ ಮಾಮೂಲಾಗಿ ನಡೆಯುವ ವಿಚಾರಣೆ ನಡೆದೇ ಇಲ್ಲ. ಅದೇ ಕೆಲಸ ಮಾಡಿದವರು ಬೇರೆ ಎಷ್ಟೋ ಜನ ಕಣ್ಣೆದುರೇ ಇದ್ದರೂ ಈ ಎಂಟು ಜನರನ್ನಷ್ಟೇ, ಹೆಚ್ಚುಕಡಿಮೆ ಒತ್ತೆಯಾಳುಗಳ ಹಾಗೆ, ಆರಿಸಿ ಹಿಡಿಯಲಾಗಿದೆ.

ಇನ್ನೊಂದು ಅಂಶ ಓದಿದಾಗ ನಾನು ಪುಟ ತಿರುಗಿಸದೆ ಸ್ವಲ್ಪ ಹೊತ್ತು ಕೂತಿದ್ದೆ. ‘ಅನಿರ್ದಿಷ್ಟ ಅವಧಿಯ ಅಮಾನತು’ ಎಂಬ ಶಿಕ್ಷೆ ವಿಶ್ವವಿದ್ಯಾಲಯದ ನಿಯಮಗಳಲ್ಲಿ ಎಲ್ಲೂ ಸ್ಪಷ್ಟವಾಗಿ ಇರಲಿಲ್ಲ! ನಿಯಮ ಮುರಿದರು ಎಂದು, ನಿಯಮದಲ್ಲಿ ಹೇಳದ ಶಿಕ್ಷೆ ಕೊಟ್ಟಿದ್ದರು. ಪೊಲೀಸ್ ಕಾರಿನ ಸುತ್ತ ಸಾವಿರಾರು ಜನ ಕೂಗಿದಾಗ ಹೊರಬರದ ಈ ಸಂಗತಿ ನಿಯಮದ ಪುಸ್ತಕ ತೆರೆದು ಕೂತ ಐದು ಜನರ ಕಣ್ಣಿಗೆ ಬಿತ್ತು.

ಸೆಪ್ಟೆಂಬರ್ 30ರ ಆ ನಾನೂರು ಸಹಿಗಳಿಗೆ ಉತ್ತರ ಸಿಕ್ಕಿದ್ದೂ ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ನಾವೂ ಮಾಡಿದ್ದೇವೆ, ನಮ್ಮನ್ನೂ ಸೇರಿಸಿ ಎಂದು ಅವರು ಬರೆದುಕೊಟ್ಟಿದ್ದರು. ಡೀನ್ ಕಚೇರಿ ಪಕ್ಕಕ್ಕಿಟ್ಟ ಆ ಮಾತನ್ನು ಆರು ವಾರಗಳ ನಂತರ ಒಂದು ಸಮಿತಿ ಎತ್ತಿಕೊಂಡು, ಬೇರೆಯವರೂ ಮಾಡಿದ್ದರಲ್ಲ, ಇವರನ್ನೇ ಯಾಕೆ ಹಿಡಿದಿರಿ ಎಂದು ಕೇಳಿತು.

ಶಿಫಾರಸು ಹೀಗಿತ್ತು: ಆರು ಜನರ ಅಮಾನತನ್ನು ದಾಖಲೆಯಿಂದಲೇ ಅಳಿಸಬೇಕು. ಅದರ ಬದಲು ಅವರಿಗೆ ಛೀಮಾರಿ, ಅದೂ ಆರು ವಾರ ಮೀರದಂತೆ. ಸಾವಿಯೊ ಮತ್ತು ಆರ್ಟ್ ಗೋಲ್ಡ್‌ಬರ್ಗ್, ಈ ಇಬ್ಬರಿಗೆ ಆರು ವಾರದ ಅಮಾನತು. ಅಂದರೆ ಅಷ್ಟು ದಿನ ಆಗಲೇ ಕಳೆದಿತ್ತು, ಅವರೂ ತರಗತಿಗೆ ವಾಪಸ್ ಹೋಗಬಹುದಿತ್ತು.

ವರದಿಯ ತಲೆಯಲ್ಲಿ ವಿಳಾಸ ಯಾರದು? ಅಕಾಡೆಮಿಕ್ ಸೆನೆಟ್‌ನದು. ಚಾನ್ಸಲರ್ ಅವರದಲ್ಲ.

ಚಾನ್ಸಲರ್ ತಕ್ಷಣ ಆಕ್ಷೇಪ ಎತ್ತಿದರು. ಸಮಿತಿ ಇದ್ದದ್ದು ನನಗೆ ಸಲಹೆ ಕೊಡಲು, ವರದಿ ನನಗೆ ಬರಬೇಕಿತ್ತು, ಸೆನೆಟ್‌ಗೆ ಬರೆದಿರುವುದರಿಂದ ಮೊದಲು ಸೆನೆಟ್ ಏನು ಹೇಳುತ್ತದೋ ನೋಡುತ್ತೇನೆ ಎಂಬುದು ಅವರ ನಿಲುವು. ಅವರ ಕಡೆಯಿಂದ ನೋಡಿದರೆ ಇದರಲ್ಲೂ ಒಂದು ನ್ಯಾಯ ಇದೆ. ಶಿಸ್ತಿನ ಅಧಿಕಾರ ಅವರದೇ ಆಗಿತ್ತು. ಆದರೆ ಸಮಿತಿ ಹುಟ್ಟಿದ್ದು ಸೆನೆಟ್‌ನಿಂದ. ತನ್ನನ್ನು ಕಳಿಸಿದವರಿಗೆ ಅದು ಲೆಕ್ಕ ಒಪ್ಪಿಸಿತು. ವರದಿ ಸುಮ್ನೆ ಚಾನ್ಸಲರ್ ಟೇಬಲ್ಲಿಗೆ ಹೋಗಿದ್ದರೆ ಅದರಲ್ಲಿ ಎಷ್ಟು ಭಾಗ ಹೊರಗೆ ಬರುತ್ತಿತ್ತೋ! ಸೆನೆಟ್‌ಗೆ ಬಂದದ್ದರಿಂದ ಬರ್ಕ್ಲಿಯ ಅಧ್ಯಾಪಕರೆಲ್ಲ ಅದನ್ನು ಓದಿದರು. ಅಲ್ಲಿಯವರೆಗೆ ಇದು ಹುಡುಗರ ಗಲಾಟೆ ಎಂದುಕೊಂಡಿದ್ದ ಎಷ್ಟೋ ಜನ, ತಮ್ಮದೇ ಸಹೋದ್ಯೋಗಿಗಳು ಬರೆದ ಸಾಲುಗಳಲ್ಲಿ ಬೇರೆ ಕಥೆ ಕಂಡರು.

ಹದಿಮೂರು ಮತ

ಆಮೇಲೆ ನಡೆದದ್ದು ಬೇಗ ಬೇಗ ಹೇಳಿಬಿಡುತ್ತೇನೆ. ನವೆಂಬರ್ 20ರಂದು ರೀಜೆಂಟ್ಸ್ ಬರ್ಕ್ಲಿಯಲ್ಲೇ ಸಭೆ ಸೇರಿದರು. ಹೊರಗೆ ಸಾವಿರಾರು ವಿದ್ಯಾರ್ಥಿಗಳು ಕಾಯುತ್ತಿದ್ದರು. ರೀಜೆಂಟ್ಸ್ ಅಮಾನತನ್ನು ಅಂದಿಗೆ ಮುಗಿಸಿದರು, ಆದರೆ ಅಳಿಸಲಿಲ್ಲ. ಆರು ಜನರ ಅಮಾನತು ದಾಖಲೆಯಲ್ಲಿ ಉಳಿಯಿತು. ಸಾವಿಯೊ, ಗೋಲ್ಡ್‌ಬರ್ಗ್ ಇಬ್ಬರಿಗೂ ಸೆಮಿಸ್ಟರ್ ಮುಗಿಯುವ ತನಕ ಪ್ರೊಬೇಷನ್, ಅಂದರೆ ನಡವಳಿಕೆಯ ಮೇಲೆ ನಿಗಾ. ಒಂದು ತಿಂಗಳು ಕೂತು ಬರೆದ ವರದಿಯ ತಿರುಳನ್ನೇ ಪಕ್ಕಕ್ಕೆ ಇಟ್ಟಂತಾಯಿತು.

ನಾಲ್ಕು ದಿನ ಬಿಟ್ಟು ನವೆಂಬರ್ 24ರಂದು ಸೆನೆಟ್ ಸೇರಿತು. ವಿಶ್ವವಿದ್ಯಾಲಯದ ಇತರ ಕೆಲಸಗಳಿಗೆ ಅಡ್ಡಿಯಾಗದಿರಲು ಎಷ್ಟು ಬೇಕೋ ಅಷ್ಟೇ ಮಟ್ಟಿಗೆ ಮಾತು ಮತ್ತು ರಾಜಕೀಯ ಚಟುವಟಿಕೆಯನ್ನು ನಿಯಂತ್ರಿಸಬೇಕು ಎಂಬ ಗೊತ್ತುವಳಿ ಅದರ ಮುಂದೆ ಬಂತು. ವಿರೋಧ 274, ಪರ 261. ಹದಿಮೂರು ಮತದಿಂದ ಬಿತ್ತು.

ಆ ದಿನ ಅದು ಗೆದ್ದಿದ್ದರೆ ಡಿಸೆಂಬರ್ ಮೊದಲ ವಾರ ಬೇರೆಯಾಗಿರುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸೆನೆಟ್ ಎಡವಿದ ಜಾಗ ಅದು. ತನ್ನದೇ ಸಮಿತಿ ಅಷ್ಟು ನೇರವಾಗಿ ಬರೆದುಕೊಟ್ಟಿತ್ತು, ರೀಜೆಂಟ್ಸ್ ಅದನ್ನು ಬದಿಗೆ ಸರಿಸಿದ್ದರು. ಆಗಲೂ ಸೆನೆಟ್ ಅರ್ಧಕ್ಕರ್ಧ ಒಡೆದು ನಿಂತಿತು.

ಥ್ಯಾಂಕ್ಸ್‌ಗಿವಿಂಗ್ ರಜೆಯ ವಾರಾಂತ್ಯದಲ್ಲಿ ಸಾವಿಯೊ, ಗೋಲ್ಡ್‌ಬರ್ಗ್ ಸೇರಿ ನಾಲ್ವರಿಗೆ ಹೊಸ ಪತ್ರಗಳು ಬಂದವು. ಅಕ್ಟೋಬರ್ ಮೊದಲಲ್ಲಿ ಕಾರಿನ ಸುತ್ತ ನಡೆದದ್ದಕ್ಕೆ ಈಗ ಶಿಸ್ತು ಕ್ರಮ. ಎಲ್ಲ ಮುಗಿಯಿತು ಎಂದುಕೊಂಡವರಿಗೆ ಇದು ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಡಿಸೆಂಬರ್ 2ರಂದು ಸ್ಪ್ರೌಲ್ ಹಾಲ್ ಮೆಟ್ಟಿಲ ಮೇಲೆ ಸಾವಿಯೊ ಭಾಷಣ ಮಾಡಿದ, ಜೋನ್ ಬಯೆಜ್ ಹಾಡಿದರು, ಸಾವಿರಕ್ಕೂ ಹೆಚ್ಚು ಜನ ಕಟ್ಟಡದೊಳಗೆ ಹೋಗಿ ಧರಣಿ ಕೂತರು. ಡಿಸೆಂಬರ್ 3ರ ಬೆಳಗಿನ ಜಾವ ಗವರ್ನರ್ ಪ್ಯಾಟ್ ಬ್ರೌನ್ ಆದೇಶದ ಮೇಲೆ ಪೊಲೀಸರು ಒಳನುಗ್ಗಿದರು. ಸುಮಾರು 800 ಜನರ ಬಂಧನ. ಎಳೆದುಕೊಂಡು ಮೆಟ್ಟಿಲಿಳಿಸಿ ಮುಗಿಸಲು ಹನ್ನೆರಡು ಗಂಟೆ ಹಿಡಿಯಿತು.

ಕ್ಯಾಂಪಸ್ ನಿಂತುಹೋಯಿತು. ಪಾಠ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಪ್ರಾಧ್ಯಾಪಕರು ಜಾಮೀನಿಗೆ ಹಣ ಕೂಡಿಸಿ, ತಮ್ಮ ಕಾರು ತೆಗೆದುಕೊಂಡು ಜೈಲಿನ ಬಾಗಿಲಿಗೆ ಹೋದರು. ನೆನ್ನೆ ತರಗತಿಯ ಮುಂದಿನ ಬೆಂಚಿನಲ್ಲಿದ್ದ ಹುಡುಗಿಯನ್ನು ಜೈಲಿನಿಂದ ಕರೆದುಕೊಂಡು ಬಂದ ಮೇಷ್ಟರಿಗೆ ಸೆನೆಟ್ ಸಭೆ ಮೊದಲಿನಂತೆ ಕಾಣಿಸುವುದು ಸಾಧ್ಯವೇ?

ಸುಮಾರು ಇನ್ನೂರು ಜನ ಅಧ್ಯಾಪಕರು ವಾರಾಂತ್ಯದಲ್ಲಿ ಕೂತು ನಿರ್ಣಯದ ಕರಡು ಬರೆದರು. ಅದು ಸೆನೆಟ್‌ನ ಅಕಾಡೆಮಿಕ್ ಸ್ವಾತಂತ್ರ್ಯ ಸಮಿತಿಗೆ ಹೋಯಿತು. ಜೋಸೆಫ್ ಗಾರ್ಬರಿನೊ ಅಧ್ಯಕ್ಷರಾಗಿದ್ದ ಆ ಸಮಿತಿ ಅದನ್ನು ತನ್ನದಾಗಿ ಮಾಡಿಕೊಂಡಿತು. ಇದು ಸಣ್ಣ ವಿಷಯವಲ್ಲ. ಒಂದು ಗುಂಪಿನ ಮನವಿಯಾಗಿ ಬಂದರೆ ಅದಕ್ಕೆ ಗುಂಪಿನ ಬಣ್ಣ ಇರುತ್ತದೆ. ಸೆನೆಟ್‌ನ ಕಾಯಂ ಸಮಿತಿಯ ಶಿಫಾರಸಾಗಿ ಬಂದರೆ ಯಾವ ಬಣವೂ ಅಲ್ಲದ ಹಿರಿಯರೂ ಕೈ ಎತ್ತಬಹುದು.

ಡಿಸೆಂಬರ್ 7ರ ಸೋಮವಾರ ಆಡಳಿತದವರು ಬೇರೊಂದು ದಾರಿ ಹಿಡಿದರು. ಬಯಲು ರಂಗಮಂದಿರವಾದ ಗ್ರೀಕ್ ಥಿಯೇಟರ್‌ನಲ್ಲಿ ಇಡೀ ವಿಶ್ವವಿದ್ಯಾಲಯವನ್ನು ಸೇರಿಸಿ, ವಿಭಾಗ ಮುಖ್ಯಸ್ಥರ ಜೊತೆ ಮಾಡಿಕೊಂಡ ರಾಜಿಸೂತ್ರವನ್ನು ಕರ್ ಓದಿದರು. ರಾಜಕೀಯಶಾಸ್ತ್ರದ ರಾಬರ್ಟ್ ಸ್ಕಲಪಿನೊ ಸಭೆ ನಡೆಸಿದರು. ಸಭೆ ಮುಗಿಯುತ್ತಿದ್ದಂತೆ ಸಾವಿಯೊ ಮೈಕಿನತ್ತ ನಡೆದು ಹೋದ. ಬಾಯಿ ತೆರೆಯುವಷ್ಟರಲ್ಲಿ ಪೊಲೀಸರು ಅವನನ್ನು ಹಿಡಿದು ವೇದಿಕೆಯಿಂದ ಎಳೆದೊಯ್ದರು. ಮಾತಿನ ಹಕ್ಕಿನ ಜಗಳದಲ್ಲಿ, ಮಾತಾಡಲು ಬಂದವನನ್ನು ಸಾವಿರಾರು ಜನರ ಎದುರು ಎಳೆದದ್ದು. ರಾಜಿಸೂತ್ರ ಅಲ್ಲೇ ಬಿದ್ದುಹೋಯಿತು.

ವೀಲರ್ ಹಾಲ್, ಡಿಸೆಂಬರ್ 8

ಮರುದಿನ ಮಂಗಳವಾರ ಮಧ್ಯಾಹ್ನ ವೀಲರ್ ಹಾಲ್‌ನ ಸಭಾಂಗಣ ಕಿಕ್ಕಿರಿದಿತ್ತು. ಎರಡು ವಾರದ ಹಿಂದೆ ಮತ ಹಾಕಿದ್ದವರು 535 ಜನ. ಈಗ ಸಾವಿರದ ಆಸುಪಾಸು ಅಧ್ಯಾಪಕರು ಬಂದಿದ್ದರು. ಹೊರಗೆ ಸಾವಿರಾರು ವಿದ್ಯಾರ್ಥಿಗಳು. ಒಳಗಿನ ಮಾತು ಧ್ವನಿವರ್ಧಕದಲ್ಲಿ ಅವರಿಗೂ ಕೇಳಿಸುತ್ತಿತ್ತು.

ನಿರ್ಣಯದಲ್ಲಿ ಐದು ಅಂಶ. ಈವರೆಗೆ ನಡೆದ ರಾಜಕೀಯ ಚಟುವಟಿಕೆಗೆ ವಿಶ್ವವಿದ್ಯಾಲಯ ಯಾರ ಮೇಲೂ ಶಿಸ್ತು ಕ್ರಮ ತೆಗೆದುಕೊಳ್ಳಬಾರದು. ಮೇಜು ಎಲ್ಲಿ, ಸಭೆ ಯಾವಾಗ, ಹೇಗೆ ಎಂಬುದಕ್ಕೆ ಮಾತ್ರ ನಿಯಮ ಇರಲಿ. ಮಾತಿನಲ್ಲಿ ಏನಿರಬೇಕು ಎಂಬುದಕ್ಕೆ ವಿಶ್ವವಿದ್ಯಾಲಯ ಕೈ ಹಾಕಬಾರದು. ಮುಂದೆ ರಾಜಕೀಯ ಚಟುವಟಿಕೆಯ ವಿಷಯದಲ್ಲಿ ಶಿಸ್ತು ಕ್ರಮದ ಪ್ರಶ್ನೆ ಬಂದರೆ, ಸೆನೆಟ್ ನೇಮಿಸುವ, ಸೆನೆಟ್‌ಗೆ ಉತ್ತರ ಕೊಡುವ ಸಮಿತಿ ಅದನ್ನು ತೀರ್ಮಾನಿಸಬೇಕು. ಇದು ಜಾರಿಗೆ ಬರುವ ತನಕ ನಾವು ಬಿಡದೆ ಪ್ರಯತ್ನ ಮಾಡುತ್ತೇವೆ.

ನಾಲ್ಕನೆಯ ಅಂಶ ನೋಡಿ. ಅಕ್ಟೋಬರ್ 2ರ ಒಪ್ಪಂದದಲ್ಲಿ ಹೆಸರಿಗೆ ಮಾತ್ರ ಇದ್ದ ಸಮಿತಿಯನ್ನು ಈಗ ಸೆನೆಟ್ ತಾನೇ ಹುಟ್ಟಿಸಲು ಹೊರಟಿತ್ತು.

ಚರ್ಚೆ ಸುಮಾರು ಮೂರು ಗಂಟೆ ನಡೆಯಿತು. ಅದರಲ್ಲಿ ದೊಡ್ಡ ಹೋರಾಟ ನಡೆದದ್ದು ಒಂದು ತಿದ್ದುಪಡಿಯ ಮೇಲೆ. ತತ್ವಶಾಸ್ತ್ರದ ಪ್ರಾಧ್ಯಾಪಕ ಲೂಯಿಸ್ ಫಾಯರ್ ಕೆಲವು ಪದ ಸೇರಿಸಬೇಕು ಎಂದರು: ಮಾತಿಗೆ ತಡೆ ಇರಬಾರದು ಸರಿ, ಆದರೆ ಆ ಮಾತು ತಕ್ಷಣದ ಬಲಪ್ರಯೋಗಕ್ಕೋ ಹಿಂಸೆಗೋ ಜನರನ್ನು ನೂಕುವಂಥದ್ದು ಆಗಿರಬಾರದು. ಕೇಳಿದರೆ ಯಾರೂ ಬೇಡ ಎನ್ನದ ಮಾತು. ಹಿಂಸೆ ಬೇಕು ಎಂದು ಯಾವ ಮೇಷ್ಟರು ತಾನೇ ಹೇಳುತ್ತಾರೆ?

ಆದರೆ ವಿರೋಧಿಸಿದವರು ಇನ್ನೊಂದು ಪ್ರಶ್ನೆ ಇಟ್ಟರು. ಯಾವುದು ಬಲಪ್ರಯೋಗ ಎಂದು ನಿರ್ಧರಿಸುವವರು ಯಾರು? ನಾಗರಿಕ ಹಕ್ಕಿನ ಹೋರಾಟಗಾರರು ಹೋಟೆಲಿನೊಳಗೆ ಧರಣಿ ಕೂರುತ್ತಾರೆ. ಅದನ್ನೂ ಕೆಲವರು ಬಲಪ್ರಯೋಗ ಎಂದೇ ಕರೆಯುತ್ತಾರೆ. ನಾಳೆ ಯಾರಾದರೂ ಕ್ಯಾಂಪಸ್ ಮೇಜಿನಲ್ಲಿ ಅಂಥ ಧರಣಿಗೆ ಜನ ಸೇರಿಸಿದರೆ ಈ ಪದಗಳನ್ನು ತೋರಿಸಿ ಅವರನ್ನು ಹೊರಹಾಕಬಹುದು. ಹಿಂಸೆಗೆ ದೇಶದ ಕಾನೂನು ಇದೆ, ಕೋರ್ಟ್ ಇದೆ. ವಿಶ್ವವಿದ್ಯಾಲಯ ಮಾತಿನ ಒಳಗೆ ಇಣುಕಬೇಕಾಗಿಲ್ಲ.

ತಿದ್ದುಪಡಿಗೆ ಬಿದ್ದ ಮತ 284, ವಿರುದ್ಧ 737. ಆಮೇಲೆ ಮೂಲ ನಿರ್ಣಯ: ಪರ 824, ವಿರೋಧ 115.

ಎರಡು ವಾರದಲ್ಲಿ 261 ಮತ 824 ಆಯಿತು. ಬಂಧನಗಳು ಜನರನ್ನು ಕಲಕಿದವು, ಗ್ರೀಕ್ ಥಿಯೇಟರಿನ ದೃಶ್ಯ ಕಲಕಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಸಿಟ್ಟು ಮಾತ್ರ ಇದ್ದಿದ್ದರೆ ಆ ಸಭೆ ಇನ್ನೊಂದು ಖಂಡನಾ ನಿರ್ಣಯ ಪಾಸು ಮಾಡಿ ಎದ್ದುಹೋಗುತ್ತಿತ್ತು. ಏನು ಬದಲಾಗಬೇಕು ಎಂದು ಅಷ್ಟು ಖಚಿತವಾಗಿ ಹೇಳಲು ಅವರ ಕೈಯಲ್ಲಿ ಹೇಮನ್ ವರದಿ ಇತ್ತು. ಅಸ್ಪಷ್ಟ ನಿಯಮ, ವಿಚಾರಣೆ ಇಲ್ಲದ ಶಿಕ್ಷೆ, ಆರಿಸಿ ಹಿಡಿದ ಎಂಟು ಜನ, ಇವನ್ನೆಲ್ಲ ಆಗಲೇ ಒಬ್ಬರು ಬರೆದಿಟ್ಟಿದ್ದರು.

ಫಲಿತಾಂಶ ಕೇಳಿದ ಕೂಡಲೇ ಹೊರಗೆ ಕೂಗು ಎದ್ದಿತು. ಅಧ್ಯಾಪಕರು ಬಾಗಿಲು ದಾಟಿ ಬಂದಾಗ ವಿದ್ಯಾರ್ಥಿಗಳು ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಆ ದಾರಿಯುದ್ದಕ್ಕೂ ಚಪ್ಪಾಳೆ. ಅವತ್ತು ಮಾರಿಯೊ ಸಾವಿಯೊಗೆ 22 ತುಂಬಿದ ದಿನ.

ರೀಜೆಂಟ್ಸ್ ಉತ್ತರ

ಸೆನೆಟ್ ತೀರ್ಮಾನ ಕೊನೆಯ ತೀರ್ಮಾನ ಆಗಿರಲಿಲ್ಲ. ಡಿಸೆಂಬರ್ 18ರಂದು ರೀಜೆಂಟ್ಸ್ ಲಾಸ್ ಏಂಜಲೀಸ್‌ನಲ್ಲಿ ಸೇರಿ ಉತ್ತರ ಕೊಟ್ಟರು. ವಿದ್ಯಾರ್ಥಿ ಶಿಸ್ತಿನ ಅಂತಿಮ ಅಧಿಕಾರ ಸಂವಿಧಾನದ ಪ್ರಕಾರ ನಮ್ಮದು, ಅದರಲ್ಲಿ ಚೌಕಾಸಿ ಇಲ್ಲ. ಅಧ್ಯಕ್ಷರಿಗೂ ಚಾನ್ಸಲರ್‌ಗಳಿಗೂ ನಾವು ಕೊಟ್ಟಿರುವ ಅಧಿಕಾರ ಹಾಗೇ ಮುಂದುವರಿಯುತ್ತದೆ. ಅಂದರೆ ನಾಲ್ಕನೆಯ ಅಂಶಕ್ಕೆ ಸ್ಪಷ್ಟ ನಿರಾಕರಣೆ. ಆದರೆ ಅದೇ ಹೇಳಿಕೆಯಲ್ಲಿ ಇನ್ನೊಂದು ಮಾತೂ ಇತ್ತು. ಮಾತಿನ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲನೆಯ ಮತ್ತು ಹದಿನಾಲ್ಕನೆಯ ತಿದ್ದುಪಡಿಗಳ ಮಿತಿಯನ್ನು ದಾಟಿ ಮಾತಿಗೆ ತಡೆ ಹಾಕುವ ಯೋಚನೆ ತಮಗಿಲ್ಲ ಎಂದರು. ಮೂರನೆಯ ಅಂಶವನ್ನು ಹೆಚ್ಚುಕಡಿಮೆ ಒಪ್ಪಿದಂತೆಯೇ.

ಕೇಳಿದ್ದು ಅಧಿಕಾರ, ಸಿಕ್ಕಿದ್ದು ಹಕ್ಕು. ಎಂಟು ಜನರಿಗೆ ಆದ ಅನ್ಯಾಯ ಮತ್ತೆ ಆಗದಿರಲು ಅಧ್ಯಾಪಕರ ಸಮಿತಿಯೇ ಗಟ್ಟಿ ಕಾವಲು ಎಂದು ನಾನು ನಂಬುತ್ತೇನೆ. ಆ ಕಾವಲು ಸಿಗದೆ ಹೋದದ್ದು ಈ ಪ್ರಕರಣದಲ್ಲಿ ಉಳಿದ ಕೊರತೆ. ಕೋರ್ಟಿನಲ್ಲೂ ವಿದ್ಯಾರ್ಥಿಗಳಿಗೆ ಮಾಫಿ ಸಿಗಲಿಲ್ಲ. ಸ್ಪ್ರೌಲ್ ಹಾಲ್ ಧರಣಿಗಾಗಿ ಸಾವಿಯೊಗೆ 120 ದಿನಗಳ ಜೈಲು ಶಿಕ್ಷೆ ಆಯಿತು.

ಆದರೂ ನೆಲದ ಮೇಲೆ ಬದಲಾವಣೆ ಬಂತು. 1965ರ ಜನವರಿ ಮೊದಲಲ್ಲೇ ಸ್ಟ್ರಾಂಗ್ ಜಾಗಕ್ಕೆ ಮಾರ್ಟಿನ್ ಮೇಯರ್ಸನ್ ಹಂಗಾಮಿ ಚಾನ್ಸಲರ್ ಆಗಿ ಬಂದರು. ಅವರು ಮೇಜುಗಳಿಗೆ ಅನುಮತಿ ಕೊಟ್ಟರು. ಮಧ್ಯಾಹ್ನದ ಹೊತ್ತು ಸಭೆ ನಡೆಸಲು ಸ್ಪ್ರೌಲ್ ಹಾಲ್ ಮೆಟ್ಟಿಲುಗಳನ್ನು ಬಿಟ್ಟುಕೊಟ್ಟರು. ಇತ್ತ ಬೆಲೆ ತೆತ್ತವರಲ್ಲಿ ಕ್ಲಾರ್ಕ್ ಕರ್ ಕೂಡ ಒಬ್ಬರು. ಬರ್ಕ್ಲಿಯ ಗಲಾಟೆ ಅಡಗಿಸುತ್ತೇನೆ ಎಂದು ಪ್ರಚಾರ ಮಾಡಿ 1966ರಲ್ಲಿ ಗೆದ್ದ ರೊನಾಲ್ಡ್ ರೇಗನ್ ಗವರ್ನರ್ ಆದ ಕೆಲವೇ ದಿನಗಳಲ್ಲಿ, 1967ರ ಜನವರಿಯಲ್ಲಿ, ರೀಜೆಂಟ್ಸ್ ಕರ್ ಅವರನ್ನು ಕೆಲಸದಿಂದ ತೆಗೆದರು.

ಐರಾ ಮೈಕೆಲ್ ಹೇಮನ್ ಬರ್ಕ್ಲಿಯಲ್ಲೇ ಉಳಿದರು. 1980ರಲ್ಲಿ ಚಾನ್ಸಲರ್ ಆದರು, ಹತ್ತು ವರ್ಷ ಆ ಕುರ್ಚಿಯಲ್ಲಿದ್ದರು. ವರದಿ ತನಗೆ ಬರಬೇಕಿತ್ತು ಎಂದು ಹಿಂದೊಬ್ಬರು ಹೇಳಿದ್ದು ಅದೇ ಕುರ್ಚಿಯಿಂದ. ಸಾವಿಯೊ 1996ರಲ್ಲಿ ತೀರಿಕೊಂಡ. ಮರುವರ್ಷ ಸ್ಪ್ರೌಲ್ ಹಾಲ್ ಮೆಟ್ಟಿಲುಗಳಿಗೆ ವಿಶ್ವವಿದ್ಯಾಲಯ ಅವನ ಹೆಸರಿಟ್ಟಿತು. ಮೆಟ್ಟಿಲ ಕೆಳಗಿನ ಅಂಗಳದಲ್ಲಿ ವಿದ್ಯಾರ್ಥಿ ಸಂಘಗಳು ಈಗಲೂ ಮೇಜು ಹಾಕುತ್ತವೆ.